ಪಾತ್ರೆಯಿಂದ ಪಾತ್ರೆಗೆ

ಮೂಲವಚನ: ಯೆರೆಮೀಯನ ಪ್ರವಾದನೆ, ೪೮ನೇ ಅಧ್ಯಾಯ, ೧೧ ಮತ್ತು ೧೨ನೇ ವಚನಗಳು.

ಈ ಎರಡು ವಚನಗಳನ್ನು ಮೊದಲು ನಿಮ್ಮ ಮನೆಯ ಸತ್ಯವೇದದಲ್ಲಿ ತೆರೆದು ಓದಿಕೊಳ್ಳಿರಿ. ಓದಬಾರದವರು ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ ಕೇಳಿರಿ. ಪ್ರವಾದಿಯು ಇಲ್ಲಿ ಮೋವಾಬೆಂಬ ಒಂದು ದೇಶವನ್ನೇ ದ್ರಾಕ್ಷಾರಸದ ಗಡಿಗೆಗೆ ಹೋಲಿಸುತ್ತಾನೆ. ಆ ದೇಶದವರಿಗೆ ಎಳೆಯತನದಿಂದಲೂ ಕಷ್ಟವೆಂಬದು ತಿಳಿಯದು. ತಳದ ಗಸಿಯನ್ನು ಬಿಟ್ಟು ಅಲುಗದ ರಸದಂತೆ ಅವರು ಇದ್ದಲ್ಲಿಯೇ ಇದ್ದರು. ಅವರನ್ನು ಯಾರೂ ಬೇರೊಂದು ಪಾತ್ರೆಗೆ ಬೊಗ್ಗಿಸಲಿಲ್ಲ, ಪರದೇಶಕ್ಕೆ ಸೆರೆಯೊಯ್ಯಲೂ ಇಲ್ಲ. ಹೀಗಿರಲಾಗಿ ಮೊದಲ ದಿನದ ರುಚಿಯೇ ಕಡೇ ತನಕ ಇತ್ತು, ಮೊದಲ ದಿನದ ವಾಸನೆಯೇ ಕಡೇ ತನಕ ಇತ್ತು ಎಂಬದು ಅವನ ಮಾತಿನ ತಾತ್ಪರ್ಯವು.

ಕೇಳಿದೊಡನೆ ಇದು ಹೊಗಳಿಕೆಯಂತೆ ತೋರುವದು. ಕಷ್ಟವಿಲ್ಲದ ಬಾಳು ಯಾರಿಗೆ ಬೇಡ? ಸೆರೆಗೆ ಹೋಗದಿರುವದು ದೇವರ ದಯವಲ್ಲವೋ? ರುಚಿ ಕೆಡದೆ ಇದ್ದಂತೆಯೇ ಇರುವದು ಒಳ್ಳೇದಲ್ಲವೋ? ಹೀಗೆ ನಾವು ಕೇಳುವದಕ್ಕೆ ಕಾರಣವೇನಂದರೆ, ದ್ರಾಕ್ಷಾರಸವನ್ನು ಮಾಡುವ ಕೆಲಸವು ನಮ್ಮ ಊರುಗಳ ಕೆಲಸವಲ್ಲ. ವಿಜಯಪುರದ ಕಡೆಯವರು ದ್ರಾಕ್ಷೆಯನ್ನು ಬಹಳವಾಗಿ ಬೆಳೆಯುತ್ತಾರಾದರೂ ಅದನ್ನು ಹೆಚ್ಚಾಗಿ ಒಣಗಿಸಿ ಮಾರುವರು. ಆದರೆ ಯೆರೆಮೀಯನ ಮಾತನ್ನು ಕೇಳಿದ ಜನರು ಆ ಕೆಲಸವನ್ನು ಮನೆಯಲ್ಲಿಯೇ ಮಾಡುವವರಾಗಿದ್ದರು. ಮೋವಾಬಂತೂ ಲವಣಸಮುದ್ರದ ಮೂಡಲಲ್ಲಿದ್ದ ಎತ್ತರದ ಬೈಲುಸೀಮೆ. ಅಲ್ಲಿಯ ದ್ರಾಕ್ಷೇತೋಟಗಳು ಸುತ್ತಣ ದೇಶಗಳಲ್ಲಿ ಹೆಸರಾಗಿದ್ದವು. ಯೆಶಾಯನು ೧೬ನೇ ಅಧ್ಯಾಯದಲ್ಲಿಯೂ ಯೆರೆಮೀಯನು ಇದೇ ೪೮ನೇ ಅಧ್ಯಾಯದಲ್ಲಿಯೂ ಸಿಬ್ಮದ ದ್ರಾಕ್ಷೇಬಳ್ಳಿಗಾಗಿ ಅಳುತ್ತಾರೆ. ನೇಕಾರನಿಗೆ ಮಗ್ಗದ ಮಾತಿನಲ್ಲಿ ಬುದ್ಧಿ ಹೇಳಿದ ಹಾಗೆ, ದ್ರಾಕ್ಷಾರಸದವರಿಗೆ ದ್ರಾಕ್ಷಾರಸದ ಮಾತಿನಲ್ಲಿಯೇ ಪ್ರವಾದಿಯು ಹೇಳಿದನು. ನಾವೂ ಆ ಕೆಲಸವನ್ನು ಸ್ವಲ್ಪ ತಿಳಿದುಕೊಂಡರೆ ಈ ವಚನದ ಮುಳ್ಳು ನಮ್ಮ ಕಾಲಿಗೂ ತಾಕುವದು.

ಇಲ್ಲಿ ಒಂದು ಮಾತು ಹೇಳಿ ಮುಂದಕ್ಕೆ ಹೋಗುವೆನು. ದ್ರಾಕ್ಷಾರಸದ ಸಂಗತಿಯು ಪತ್ರಿಕೆಯಲ್ಲಿ ಬಂತೆಂದು ಯಾರೂ ಹೆಂಡದಂಗಡಿಯ ಕಡೆಗೆ ಮುಖಮಾಡಬಾರದು. ಕುಡಿತವು ನಮ್ಮ ಹಳ್ಳಿಗಳಲ್ಲಿ ಎಷ್ಟು ಮನೆಗಳ ಒಲೆಯನ್ನು ಆರಿಸಿದೆ ಎಂಬದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಜ್ಞಾನೋಕ್ತಿಗಳ ೨೩ನೇ ಅಧ್ಯಾಯದ ಕಡೆಯಲ್ಲಿ ಕುಡುಕನ ಕೆಂಗಣ್ಣು, ಜಗಳ, ಕಾರಣವಿಲ್ಲದ ಗಾಯ ಇವೆಲ್ಲವೂ ಕನ್ನಡಿಯಲ್ಲಿ ತೋರಿಸಿದಂತೆ ಬರೆದದೆ. ನಮ್ಮ ಅನೇಕ ಸಭೆಗಳಲ್ಲಿ ಕರ್ತನ ಭೋಜನಕ್ಕೂ ಹುದುಗು ಬಾರದ ರಸವನ್ನೇ ಬಳಸುವರು. ಒಣದ್ರಾಕ್ಷೆಯನ್ನು ನೆನೆಯಿಟ್ಟು, ಕುದಿಸಿ, ಸೋಸಿ ಸಿದ್ಧಮಾಡುವರು. ೧೮೬೯ರಲ್ಲಿ ಅಮೇರಿಕದ ಥಾಮಸ್ ವೆಲ್ಚ್ ಎಂಬ ಮೆಥೊಡಿಸ್ಟ್ ವಿಶ್ವಾಸಿಯು ದ್ರಾಕ್ಷೆಯ ರಸವನ್ನು ಸೀಸೆಗಳಲ್ಲಿ ಕಾಯಿಸಿ, ಹುದುಗು ಬಾರದಂತೆ ಇಡುವ ಉಪಾಯವನ್ನು ಇದೇ ಭೋಜನದ ಸಲುವಾಗಿಯೇ ಕಂಡುಹಿಡಿದನು. ಈಗ ನಾವು ನೋಡತಕ್ಕದ್ದು ಕುಡಿಯುವವನ ಕೈಯನ್ನಲ್ಲ, ಮಾಡುವವನ ಕೈಯನ್ನು.

ಪಲೆಸ್ತೀನ ದೇಶದಲ್ಲಿ ದ್ರಾಕ್ಷೆಯು ಬೇಸಿಗೆಯ ಕಡೆಯಲ್ಲಿ, ಹೆಚ್ಚಾಗಿ ಆಗಸ್ಟ್ ಸೆಪ್ಟೆಂಬರ್ ತಿಂಗಳುಗಳಲ್ಲಿ, ಹಣ್ಣಾಗಿ ಕೊಯ್ಲಿಗೆ ಬರುವದು. ನಮ್ಮ ಕಬ್ಬಿನ ಆಲೆಮನೆಯಂತೆ ಅವರಿಗೂ ಆಲೆಯುಂಟು. ಆದರೆ ಅದು ಬಂಡೆಯಲ್ಲಿ ಕೊರೆದದ್ದು. ಮೇಲೆ ಅಗಲವಾದ ಆಳವಿಲ್ಲದ ಒಂದು ತೊಟ್ಟಿ, ಅದರ ಕೆಳಗೆ ಆಳವಾದ ಇನ್ನೊಂದು ತೊಟ್ಟಿ, ನಡುವೆ ರಸ ಹರಿಯುವ ಕಿರುಗಾಲುವೆ. ಹಣ್ಣನ್ನು ಮೇಲಿನ ತೊಟ್ಟಿಯಲ್ಲಿ ಸುರಿದು ಗಂಡಸರೂ ಹೆಂಗಸರೂ ಬರಿಗಾಲಲ್ಲಿ ತುಳಿಯುವರು. ಕಬ್ಬನ್ನು ಅರೆದ ಹಾಗೆ ಗಾಣದಲ್ಲಿ ಅರೆದರೆ ಬೇಗ ಆಗುವದಲ್ಲವೇ ಎನ್ನುವಿರಿ. ಆಗುವದು, ಆದರೆ ಬೀಜವೂ ಒಡೆದು ರಸವು ಕಹಿಯಾಗುವದು. ಮನುಷ್ಯನ ಅಂಗಾಲು ಹಣ್ಣನ್ನು ಒಡೆಯುವದು, ಬೀಜವನ್ನು ಒಡೆಯದು.

ಹೀಗೆ ಇಳಿದ ರಸವು ಸುಮ್ಮನಿರುವದಿಲ್ಲ. ಹಣ್ಣಿನ ಸಿಪ್ಪೆಯ ಮೇಲೆಯೂ ಆಲೆಯ ಬಂಡೆಯಲ್ಲಿಯೂ ಕಣ್ಣಿಗೆ ಕಾಣದ ಯೀಸ್ಟ್ ಎಂಬ ಸೂಕ್ಷ್ಮಜೀವಿಗಳು ಇರುತ್ತವೆ. ಅವು ರಸದ ಸಿಹಿಯನ್ನು ತಿಂದು, ಅದನ್ನು ಮದ್ಯಸಾರವಾಗಿಯೂ ಒಂದು ವಾಯುವಾಗಿಯೂ ಮಾರ್ಪಡಿಸುತ್ತವೆ. ಇದರ ಗುಟ್ಟನ್ನು ಕಳೆದ ಶತಮಾನಕ್ಕೂ ಹಿಂದೆ, ೧೮೫೦ ಮತ್ತು ೧೮೬೦ರ ದಶಕಗಳಲ್ಲಿ, ಫ್ರಾನ್ಸ್ ದೇಶದ ಲೂಯಿ ಪಾಶ್ಚರ್ ಎಂಬ ಪಂಡಿತನು ವಿವರಿಸಿದನು. ಪೂರ್ವಿಕರಿಗೆ ಈ ಜೀವಿಗಳ ಹೆಸರು ತಿಳಿಯದಿದ್ದರೂ ಕೆಲಸವು ತಿಳಿದಿತ್ತು: ಬೆಂಕಿಯಿಲ್ಲದೆ ಕುದಿಯುವದು, ನೊರೆ ಏಳುವದು, ಗಡಿಗೆಯೊಳಗಿಂದ ಸದ್ದು ಬರುವದು. ಈಚಲ ಮರದ ಕೆಳಗೆ ಇಳಿಸಿಟ್ಟ ಗಡಿಗೆಯ ಬಾಯಲ್ಲಿ ನೊರೆಯುಕ್ಕುವದನ್ನು ಕಂಡವರಿಗೆ, ಅಥವಾ ದೋಸೆಯ ಹಿಟ್ಟು ಬೆಳಗಾಗುವಷ್ಟರಲ್ಲಿ ಪಾತ್ರೆ ಮೀರಿ ಬಂದದ್ದನ್ನು ಕಂಡ ತಾಯಂದಿರಿಗೆ ನಾನು ಹೆಚ್ಚು ಹೇಳಬೇಕಾದದ್ದಿಲ್ಲ.

ಆ ಕುದಿತವು ಹಲವು ದಿನಗಳಾದ ಮೇಲೆ ತಗ್ಗುವದು. ಆಗ ಸಿಪ್ಪೆಯ ಚೂರು, ಬೀಜ, ತಮ್ಮ ಕೆಲಸ ಮುಗಿಸಿ ಸತ್ತ ಯೀಸ್ಟಿನ ರಾಶಿ, ಇವೆಲ್ಲವೂ ನಿಧಾನವಾಗಿ ತಳಕ್ಕೆ ಇಳಿಯುವವು. ಇದೇ ಗಸಿ. ಬೆಣ್ಣೆಯನ್ನು ಕಾಯಿಸುವಾಗ ತುಪ್ಪವು ಮೇಲೆ ತಿಳಿಯಾಗಿ ಗಸಿಯು ತಳದಲ್ಲಿ ನಿಲ್ಲುವಂತೆಯೇ ಇದೂ ಆಗುವದು.

ಗಸಿಯು ಮೊದಲಿನಿಂದಲೇ ಕೆಟ್ಟದ್ದೆಂದು ತಿಳಿಯಬೇಡಿರಿ. ಸ್ವಲ್ಪ ಕಾಲ ಅದರ ಮೇಲೆ ನಿಂತ ರಸಕ್ಕೆ ಬಲವೂ ಸಾರವೂ ಬರುವವು. ಯೆಶಾಯನು ೨೫ನೇ ಅಧ್ಯಾಯದ ೬ನೇ ವಚನದಲ್ಲಿ, ದೇವರು ತನ್ನ ಪರ್ವತದಲ್ಲಿ ಸಕಲ ಜನಾಂಗಗಳಿಗೆ ಮಾಡುವ ಔತಣವನ್ನು ವರ್ಣಿಸುವಾಗ, ಗಸಿಯ ಮೇಲೆ ಮಾಗಿದ ರಸವನ್ನೇ ಶ್ರೇಷ್ಠವಾದದ್ದೆಂದು ಹೇಳುತ್ತಾನೆ. ಆದರೆ ಆ ವಚನದಲ್ಲಿ ಅದನ್ನು ಚೆನ್ನಾಗಿ ಸೋಸಿದ್ದೆಂದೂ ಬರೆದದೆ. ಆ ಮಾತನ್ನು ಬಿಟ್ಟು ಓದಬಾರದು. ಈಗಲೂ ಫ್ರಾನ್ಸಿನಲ್ಲಿ ಕೆಲವು ಬಗೆಯ ರಸವನ್ನು ಬೇಕೆಂದೇ ತಿಂಗಳುಗಟ್ಟಲೆ ಗಸಿಯ ಮೇಲೆ ಇಡುವರು. ಅದರ ಮೇಲೆ ಒಬ್ಬನ ಕಣ್ಣು ಯಾವಾಗಲೂ ಇರುವದು. ಕಣ್ಣು ತಪ್ಪಿ, ಸೆಕೆಯಲ್ಲಿ, ದಪ್ಪ ಗಸಿಯ ಮೇಲೆ ಬಹುಕಾಲ ಬಿಟ್ಟರೆ ಆ ಸತ್ತ ರಾಶಿಯು ಒಡೆದು ಕೊಳೆತ ಮೊಟ್ಟೆಯಂಥ ನಾತವು ರಸಕ್ಕೆ ಇಳಿಯುವದು. ಹೊರಗಿಂದ ಯಾರೂ ಬಂದು ಅದನ್ನು ಕೆಡಿಸಲಿಲ್ಲ, ನೋಡಿರಿ. ತನ್ನೊಳಗಿಂದಲೇ ಹುಟ್ಟಿ, ಒಂದು ಕಾಲದಲ್ಲಿ ತನಗೆ ಸಹಾಯವನ್ನೂ ಮಾಡಿದ ವಸ್ತುವಿನಿಂದಲೇ ಅದು ಕೆಟ್ಟಿತು.

ಆದದರಿಂದ ಮಾಡುವವನು ಸಮಯ ನೋಡಿ ಗಡಿಗೆಯನ್ನು ಬೊಗ್ಗಿಸುವನು. ಈ ಕೆಲಸದಲ್ಲಿಯೇ ಅವನ ಜಾಣತನವೆಲ್ಲಾ ಇರುವದು. ಗಡಿಗೆಯನ್ನು ಅಲುಗಿಸದೆ, ಅವಸರಪಡದೆ, ತಿಳಿಯಾದದ್ದನ್ನು ಬೇರೊಂದು ಶುದ್ಧವಾದ ಗಡಿಗೆಗೆ ಸೋರುಬಟ್ಟೆಯ ಮೂಲಕ ಇಳಿಬಿಡುವನು. ಕಡೆಯಲ್ಲಿ ಗಸಿಯು ಬಾಯಿಗೆ ಬರುವ ಸುಳಿವು ಕಂಡೊಡನೆ ಕೈ ನಿಲ್ಲಿಸುವನು. ಕಡೇ ಬಟ್ಟಲಿನ ಆಸೆಗೆ ಬಿದ್ದವನು ಗಡಿಗೆಯಷ್ಟನ್ನೂ ಕದಡುವನು. ಕೆಲವು ಕಾಲವಾದ ಮೇಲೆ ಹೊಸ ಗಡಿಗೆಯ ತಳದಲ್ಲಿಯೂ ತೆಳುವಾಗಿ ಗಸಿ ನಿಲ್ಲುವದು. ಆಗ ಪುನಃ ಬೊಗ್ಗಿಸುವದು. ಬೊಗ್ಗಿಸುವಾಗಲೆಲ್ಲಾ ರಸವು ಕದಲಿ, ತುಂಬಿದ ಮನೆಯನ್ನು ಬಿಟ್ಟು, ಕತ್ತಲೆಯ ಬರಿದಾದ ಹೊಸ ಮನೆಗೆ ಬೀಳುವದು. ಅದಕ್ಕೆ ಬಾಯಿ ಇದ್ದರೆ, ನನ್ನನ್ನು ಚೆಲ್ಲುತ್ತಿದ್ದಾನೆ ಎಂದೇ ಕೂಗೀತು.

ಈಗ ಮೋವಾಬಿಗೆ ತಿರುಗಿಕೊಳ್ಳಿರಿ. ಇಸ್ರಾಯೇಲು ಐಗುಪ್ತದ ಪಾತ್ರೆಯಲ್ಲಿತ್ತು. ಅಲ್ಲಿಂದ ಅರಣ್ಯಕ್ಕೆ, ಅರಣ್ಯದಿಂದ ಕಾನಾನಿಗೆ, ಕಾನಾನಿನಿಂದ ಅಶ್ಶೂರಕ್ಕೂ ಬಾಬೆಲಿಗೂ ಹೊಯ್ಯಲ್ಪಟ್ಟಿತು. ಆಚೇ ದಡದಲ್ಲಿ ಮೋವಾಬು ತನ್ನ ತೋಟಗಳ ನಡುವೆ, ತನ್ನ ಕೆಮೋಷೆಂಬ ದೇವತೆಯ ಮುಂದೆ, ಅಜ್ಜಂದಿರು ಕಟ್ಟಿದ ಊರುಗಳಲ್ಲಿಯೇ ಇತ್ತು. ಇಸ್ರಾಯೇಲಿಗೆ ಕಷ್ಟ ಬಂದಾಗ ಅದು ನಕ್ಕಿತೆಂದು ೨೭ನೇ ವಚನದಿಂದ ತಿಳಿಯಬರುವದು. ನಕ್ಕದ್ದರಲ್ಲಿ ಆಶ್ಚರ್ಯವೇನು? ಅಲುಗದ ಗಡಿಗೆಯು ಅಲುಗಿದ ಗಡಿಗೆಯನ್ನು ನೋಡಿ ಇವನ ದೇವರು ಇವನನ್ನು ಕೈಬಿಟ್ಟನು ಎಂದು ತಿಳಿಯಿತು. ಪ್ರವಾದಿಯು ಮೋವಾಬಿನ ಮೇಲೆ ಹೊರಿಸುವ ದೋಷವು ರುಚಿ ಕೆಟ್ಟಿತೆಂಬದಲ್ಲ, ರುಚಿಯು ಹಾಗೆಯೇ ಉಳಿಯಿತೆಂಬದು. ಮೊದಲ ದಿನದ ಹಸಿಯೊಗರು, ಮೊದಲ ದಿನದ ಗರ್ವ, ನೂರಾರು ವರುಷಗಳಾದ ಮೇಲೆಯೂ ಅದೇ. ಇದೇ ಮಾತನ್ನು ಚೆಫನ್ಯನು ತನ್ನ ೧ನೇ ಅಧ್ಯಾಯದ ೧೨ನೇ ವಚನದಲ್ಲಿ ಯೆರೂಸಲೇಮಿನವರ ಮೇಲೆಯೇ ತಿರುಗಿಸುತ್ತಾನೆ: ಗಸಿಯ ಮೇಲೆ ಹೆಪ್ಪುಗಟ್ಟಿದವರು ಅಲ್ಲಿಯೂ ಇದ್ದರು, ದೇವರು ಒಳ್ಳೇದನ್ನೂ ಮಾಡನು, ಕೆಟ್ಟದ್ದನ್ನೂ ಮಾಡನು ಎಂದು ಅವರು ಮನಸ್ಸಿನಲ್ಲಿ ನೆನಸಿಕೊಂಡಿದ್ದರು. ದೇವರಿಲ್ಲವೆಂದು ಅವರು ಅನ್ನಲಿಲ್ಲ. ಅವನು ಏನೂ ಮಾಡನೆಂದು ತಿಳಿದು ನೆಮ್ಮದಿಯಾಗಿದ್ದರು.

ಪ್ರಿಯರೇ, ನಮ್ಮ ಸಭೆಗಳ ತಳದಲ್ಲಿ ಏನು ನಿಂತದೆ? ನಮ್ಮ ಅಜ್ಜಂದಿರು ದೀಕ್ಷಾಸ್ನಾನ ಹೊಂದಿದಾಗ ಹೊಸ ರಸದಂತೆ ಕುದಿದರು; ನೆಂಟರು ಬಿಟ್ಟರು, ಊರ ಬಾವಿ ಮುಚ್ಚಿತು, ಆದರೂ ಹಾಡಿದರು. ಆ ಕುದಿತದಿಂದ ಬಂದದ್ದರಲ್ಲಿ ಒಳ್ಳೇದೂ ಉಂಟು, ಗಸಿಯೂ ಉಂಟು. ಈಗ ಮೂರು ನಾಲ್ಕು ತಲೆಮಾರುಗಳಾದವು. ಕ್ರಿಸ್ತನಲ್ಲಿ ಯೆಹೂದ್ಯನೆಂದೂ ಗ್ರೀಕನೆಂದೂ ಭೇದವಿಲ್ಲವೆಂದು ಬಾಯಿಪಾಠ ಒಪ್ಪಿಸುವ ನಾವು, ಮಗನಿಗೆ ಹೆಣ್ಣು ತರುವಾಗ, ಅವರು ಮೊದಲು ಯಾವ ಕೇರಿಯವರು ಎಂದು ಮೆಲ್ಲಗೆ ವಿಚಾರಿಸುತ್ತೇವೋ ಇಲ್ಲವೋ? ದೇವಾಲಯದಲ್ಲಿ ಇಂಥವರ ಮನೆಯವರು ಮುಂದೆ, ಇಂಥವರು ಬಾಗಲ ಬಳಿಯಲ್ಲಿ ಎಂಬ ಕಟ್ಟಳೆಯನ್ನು ಯಾರೂ ಬರೆದಿಡಲಿಲ್ಲ, ಆದರೂ ಎಲ್ಲರಿಗೂ ಗೊತ್ತು. ಅಣ್ಣತಮ್ಮಂದಿರಿಬ್ಬರು ಬದುವಿನ ಒಂದು ಮೊಳ ನೆಲಕ್ಕಾಗಿ ಮಾತು ಬಿಟ್ಟು ಹನ್ನೆರಡು ವರುಷವಾಯಿತು. ಆ ಹನ್ನೆರಡು ವರುಷವೂ ಇಬ್ಬರೂ ಒಂದೇ ಮೇಜಿನಿಂದ ಕರ್ತನ ಭೋಜನವನ್ನು ತೆಗೆದುಕೊಂಡರು. ಇವು ನನ್ನ ಕಲ್ಪನೆಯೆಂದು ನೀವು ಅನ್ನಲಾರಿರಿ. ಪಾಳಕರು ವರುಷಕ್ಕೊಮ್ಮೆ ಬಂದು ಇದನ್ನು ಕದಡುವರು, ನೊರೆ ಏಳುವದು, ಕಣ್ಣೀರೂ ಬರುವದು. ವಾರ ಕಳೆಯುವಷ್ಟರಲ್ಲಿ ಎಲ್ಲವೂ ಅದೇ ತಳಕ್ಕೆ ಇಳಿಯುವದು. ಕದಡಿದರೆ ಗಸಿ ಹೋಗುವದಿಲ್ಲ. ಅದನ್ನು ಹಿಂದೆ ಬಿಟ್ಟು ಬರಬೇಕು.

ನಮ್ಮ ದೇಶದ ಸಭೆಗಳನ್ನೂ ಕರ್ತನು ಹೀಗೆ ಬೊಗ್ಗಿಸಿದ್ದುಂಟು. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಕರಾವಳಿಯಲ್ಲಿಯೂ ಧಾರವಾಡದ ಸೀಮೆಯಲ್ಲಿಯೂ ಸಭೆಗಳನ್ನು ಕಟ್ಟಿ, ಶಾಲೆ, ಅಚ್ಚುಕೂಟ, ನೇಯ್ಗೆಯ ಮನೆ, ಹಂಚಿನ ಕಾರ್ಖಾನೆಗಳನ್ನು ನಡಿಸಿದರು. ಸ್ವಜನರಿಂದ ಹೊರಗಾದ ವಿಶ್ವಾಸಿಗಳಿಗೆ ಅಲ್ಲಿ ಕೆಲಸವೂ ಅನ್ನವೂ ದೊರೆತವು. ಅದು ದೊಡ್ಡ ಉಪಕಾರವೇ ಸರಿ. ಆದರೆ ಉಪಕಾರದ ತಳದಲ್ಲಿಯೂ ಗಸಿ ನಿಲ್ಲುವದು. ದೊರೆಗಳು ನೋಡಿಕೊಳ್ಳುವರು ಎಂಬ ಮನಸ್ಸು ಕೆಲವರಲ್ಲಿ ಹುಟ್ಟಿತು. ೧೯೧೪ರಲ್ಲಿ ಮಹಾಯುದ್ಧವು ಎದ್ದಾಗ ಜರ್ಮನ್ ಮಿಶನೆರಿಗಳು ಕಾವಲಿಗೆ ಹೋಗಬೇಕಾಯಿತು. ಕಾರ್ಖಾನೆಗಳು ಮಿಶನ್ನಿನ ಕೈಯಿಂದ ತಪ್ಪಿದವು. ಸಭೆಗಳೂ ಇನ್ನು ಉಳಿಯವೆಂದು ಎಣಿಸಿದವರು ಆಗ ಇದ್ದಿರಬಹುದು. ಅವು ಉಳಿದವು. ಈ ದೇಶದ ಪಾಳಕರೂ ಹಿರಿಯರೂ ಉಪದೇಶಿಗಳೂ ಅವುಗಳ ಭಾರವನ್ನು ಹೊತ್ತರು. ೧೯೪೭ರ ಸೆಪ್ಟೆಂಬರ್ ೨೭ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆಯು ಹುಟ್ಟಿದಾಗಲೂ ಒಂದು ಬೊಗ್ಗಿಸುವಿಕೆಯಾಯಿತು. ಹಳೇ ಹೆಸರು ಹೋಯಿತೆಂದು ದುಃಖಪಟ್ಟವರಿದ್ದರು. ಹೆಸರು ಗಡಿಗೆಯದು.

ಇನ್ನು ಮನೆಮನೆಯ ಮಾತು. ಮಳೆ ತಪ್ಪಿ, ಮಕ್ಕಳನ್ನು ಕಟ್ಟಿಕೊಂಡು ಗುಳೇ ಹೋಗುವವರು ನಮ್ಮಲ್ಲಿ ಎಷ್ಟೋ ಮಂದಿ. ಗಂಡನು ತೀರಿಹೋದ ಮೇಲೆ ಅತ್ತೇಮನೆಯಿಂದ ತವರಿಗೂ ತವರಿನಿಂದ ಇನ್ನೆಲ್ಲಿಗೋ ಹೋಗುವ ಅಕ್ಕತಂಗಿಯರು ಉಂಟು. ಇಂಥವರ ಮುಂದೆ ನಿಂತು, ದೇವರು ನಿನ್ನನ್ನು ಶುದ್ಧಿಮಾಡುತ್ತಾನೆ ಎಂದು ಹೊಟ್ಟೆತುಂಬಿದವರು ಹೇಳುವ ಮಾತು ನನಗೆ ಸೇರುವದಿಲ್ಲ. ಯೋಬನ ಸ್ನೇಹಿತರು ಹಾಗೆ ಹೇಳಿ ದೇವರ ಕೋಪಕ್ಕೆ ಗುರಿಯಾದರು. ನಮ್ಮ ವಚನವನ್ನು ಪ್ರವಾದಿಯು ಬೊಗ್ಗಿಸಲ್ಪಟ್ಟವರಿಗೆ ಹೇಳಲಿಲ್ಲ, ಬೊಗ್ಗಿಸಲ್ಪಡದೆ ಕೂತವರಿಗೆ ಹೇಳಿದನು ಎಂಬದನ್ನು ಮರೆಯಬಾರದು. ಕಷ್ಟದಲ್ಲಿರುವವನಿಗೆ ನಾವು ಮೊದಲು ಕೊಡತಕ್ಕದ್ದು ಅರ್ಥವಲ್ಲ, ಗಂಜಿ. ಆದರೂ ಬರಿದಾದ ಹೊಸ ಪಾತ್ರೆಗೆ ಬಿದ್ದು, ದೇವರು ನನ್ನನ್ನು ಚೆಲ್ಲಿಬಿಟ್ಟನು ಎಂದು ರಾತ್ರಿಯಲ್ಲಿ ಅಳುವವರು ಈ ಪತ್ರಿಕೆಯನ್ನು ಓದುತ್ತಿದ್ದರೆ, ಇಷ್ಟನ್ನು ಧೈರ್ಯವಾಗಿ ಹೇಳಬಲ್ಲೆನು: ಬೊಗ್ಗಿಸುವವನು ಕೆಳಗೆ ಒಂದು ಪಾತ್ರೆಯನ್ನು ಇಡದೆ ಬೊಗ್ಗಿಸುವದಿಲ್ಲ.

ಬೊಗ್ಗಿಸಿದ ಮೇಲೆ ಮುದ್ರೆ. ತಿಳಿಯಾದ ರಸಕ್ಕೆ ಗಾಳಿ ತಾಕುತ್ತಾ ಇದ್ದರೆ ಇನ್ನೊಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ಹುಳಿಯಾಗಿ ಮಾಡಿಬಿಡುವವು. ಮಣ್ಣಿನ ಗಡಿಗೆಯ ಮೈಯೇ ಸಣ್ಣ ರಂಧ್ರಗಳುಳ್ಳದ್ದಾದದರಿಂದ ಒಳಮೈಗೆ ಮರದ ಅಂಟನ್ನೋ ರಾಳವನ್ನೋ ಬಳಿಯುವದು ಅನೇಕ ದೇಶಗಳ ಪದ್ಧತಿಯಾಗಿತ್ತು. ಇರಾನ್ ದೇಶದ ಹಾಜ್ಜಿ ಫಿರೂಜ್ ದಿಬ್ಬದಲ್ಲಿ ಸಿಕ್ಕಿದ, ಏಳು ಸಾವಿರ ವರುಷಗಳ ಹಿಂದಿನ ಜಾಡಿಗಳಲ್ಲಿ ದ್ರಾಕ್ಷಾರಸದ ಕುರುಹೂ ಮರದ ಅಂಟಿನ ಕುರುಹೂ ಕೂಡಿಯೇ ಇರುವವೆಂದು ೧೯೯೬ರಲ್ಲಿ ಪಂಡಿತರು ಪ್ರಕಟಿಸಿದರು. ಬಾಯಿಗೆ ಜೇಡಿಮಣ್ಣಿನ ಬಿರಡೆ. ಆದರೆ ಒಳಗಿನ ಕುದಿತವು ಇನ್ನೂ ಪೂರ್ತಿಯಾಗಿ ನಿಲ್ಲದೆ ಇರುವಾಗ ಬಿಗಿದರೆ ವಾಯುವಿನ ಒತ್ತಡದಿಂದ ಗಡಿಗೆ ಒಡೆಯುವದು. ಅದಕ್ಕಾಗಿ ಬಿರಡೆಯಲ್ಲಿ ಒಂದು ಸಣ್ಣ ತೂತನ್ನು ಬಿಟ್ಟು, ಕುದಿತ ನಿಂತ ಮೇಲೆ ಅದನ್ನೂ ಮುಚ್ಚುತ್ತಿದ್ದರು. ಸಭೆಯ ಹಿರಿಯರು ಇದನ್ನು ಗಮನಿಸಿದರೆ ಒಳ್ಳೇದು. ಹೊಸದಾಗಿ ನಂಬಿದ ಯೌವನಸ್ಥನೊಬ್ಬನು ಹೊತ್ತಿಲ್ಲದ ಹೊತ್ತಿನಲ್ಲಿ ಹಾಡಿದರೆ, ಸಂತೆಯಲ್ಲಿ ನಿಂತು ಸಾರಿದರೆ, ಒಡನೆ ಬಾಯಿಗೆ ಮಣ್ಣು ಮೆತ್ತುವವರಿದ್ದಾರೆ. ಸಣ್ಣ ತೂತನ್ನಾದರೂ ಬಿಡಿರಿ. ಕರ್ತನು ಹೊಸ ರಸಕ್ಕೆ ಹೊಸ ಬುದ್ದಲಿಯನ್ನು ಹೇಳಿದ್ದು ಇದಕ್ಕೇ. ಹೊಸ ತೊಗಲು ಹಿಗ್ಗುವದು, ಹಳೇದು ಬಿರಿಯುವದು.

ಒದ್ದೆ ಮಣ್ಣಿನ ಮೇಲೆ ಯಜಮಾನನ ಗುರುತನ್ನು ಒತ್ತುವರು. ೧೯೨೨ರಲ್ಲಿ ಐಗುಪ್ತದಲ್ಲಿ ಟುಟಂಖಾಮನ್ ಎಂಬ ಅರಸನ ಸಮಾಧಿಯನ್ನು ಹೊವಾರ್ಡ್ ಕಾರ್ಟರ್ ಎಂಬವನು ಕಂಡುಹಿಡಿದನು. ಕ್ರಿಸ್ತನಿಗೆ ಸಾವಿರದ ಮುನ್ನೂರು ವರುಷಗಳಷ್ಟು ಮುಂಚೆ ಮುಚ್ಚಿದ ಆ ಕೋಣೆಗಳಲ್ಲಿ ಬರಹವುಳ್ಳ ದ್ರಾಕ್ಷಾರಸದ ಜಾಡಿಗಳು ೨೬ ಇದ್ದವು. ಅರಸನ ಆಳಿಕೆಯ ಎಷ್ಟನೇ ವರುಷದ ರಸ, ಯಾವ ತೋಟದ್ದು, ಮಾಡಿಸಿದ ಮುಖ್ಯಸ್ಥನು ಯಾರು ಎಂದು ಅವುಗಳ ಮೇಲೆ ಬರೆದಿತ್ತು. ಕುತ್ತಿಗೆಗೆ ಮೆತ್ತಿದ ಮಣ್ಣಿನಲ್ಲಿ ಮುದ್ರೆಯಿತ್ತು. ಬರಹವನ್ನು ಈಗಲೂ ಓದಬಹುದು. ಒಳಗೆ ಒಣಗಿದ ಕಲೆಯ ಹೊರತು ಒಂದು ಹನಿಯೂ ಇರಲಿಲ್ಲ. ಅಪೊಸ್ತಲನಾದ ಪೌಲನು ಎಫೆಸದವರಿಗೆ ಪವಿತ್ರಾತ್ಮನ ಮುದ್ರೆಯ ವಿಷಯ ಬರೆದಾಗ ಇಂಥ ಒಣ ಮುದ್ರೆಯನ್ನು ಹೇಳಲಿಲ್ಲ. ಸಭೆಯ ದಫ್ತರದಲ್ಲಿ ನಮ್ಮ ಹೆಸರು, ದೀಕ್ಷಾಸ್ನಾನದ ತಾರೀಕು, ಅದನ್ನು ಕೊಟ್ಟ ಪಾಳಕರ ಹೆಸರು, ಎಲ್ಲವೂ ಅಂದವಾಗಿ ಬರೆದಿರಬಹುದು.

ಮುದ್ರಿಸಿದ ಗಡಿಗೆಗಳನ್ನು ಇಡುವದಕ್ಕೆ ತಂಪಾದ ಸ್ಥಳ ಬೇಕು. ಯೆರೂಸಲೇಮಿನ ವಾಯವ್ಯಕ್ಕೆ ಹತ್ತು ಕಿಲೋಮೀಟರಿನೊಳಗೆ ಗಿಬ್ಯೋನೆಂಬ ಊರಿತ್ತು. ಯೆಹೋಶುವನ ಕಾಲದಲ್ಲಿ ಹಳೇ ಬುದ್ದಲಿಗಳನ್ನು ಹೊತ್ತು ತಂದು ಮೋಸಮಾಡಿದವರ ಊರು ಅದೇ. ೧೯೫೬ರಿಂದ ೧೯೬೨ರ ವರೆಗೆ ಜೇಮ್ಸ್ ಪ್ರಿಚರ್ಡ್ ಎಂಬ ಅಮೇರಿಕದ ಪಂಡಿತನು ಅಲ್ಲಿ ಅಗೆದಾಗ ಬಂಡೆಯಲ್ಲಿ ಕೊರೆದ ೬೩ ನೆಲಮಾಳಿಗೆಗಳು ಕಂಡವು. ನಮ್ಮ ಎರೆನೆಲದ ಊರುಗಳಲ್ಲಿ ಜೋಳವಿಡುವ ಹಗೇವನ್ನು ನೋಡಿದವರು ಅವುಗಳನ್ನು ನೋಡಿದಂತೆಯೇ: ಬಾಯಿ ಇಕ್ಕಟ್ಟು, ಹೊಟ್ಟೆ ಅಗಲ, ಆಳವು ಒಂದಾಳಿಗಿಂತ ಸ್ವಲ್ಪ ಹೆಚ್ಚು, ಬಾಯಿಗೆ ಚಪ್ಪಡಿಕಲ್ಲು. ಹೊರಗೆ ಎಂಥ ಬಿಸಿಲಿದ್ದರೂ ಒಳಗೆ ಸುಮಾರು ೧೮ ಡಿಗ್ರಿಯ ತಂಪು ಬದಲಾಗದೆ ಇರುತ್ತಿತ್ತು. ಅಲ್ಲಿ ಮಣ್ಣಿನ ಬಿರಡೆಗಳು ಸಿಕ್ಕಿದವು. ಊರಿನ ಹೆಸರನ್ನೂ ಮನುಷ್ಯರ ಹೆಸರುಗಳನ್ನೂ ಕೆತ್ತಿದ ಜಾಡಿಯ ಹಿಡಿಗಳು ಐವತ್ತಕ್ಕಿಂತ ಹೆಚ್ಚಾಗಿ ಸಿಕ್ಕಿದವು. ಆ ಹೆಸರುಗಳಲ್ಲಿ ಒಂದು ಹನನ್ಯ.

ಆ ಹೆಸರು ಆಗಿನ ಕಾಲದಲ್ಲಿ ಸಾಧಾರಣವಾದದ್ದು. ಜಾಡಿಯ ಹನನ್ಯನು ಇವನೇ ಎಂದು ಹೇಳಲಾಗದು. ಆದರೆ ಯೆರೆಮೀಯನ ೨೮ನೇ ಅಧ್ಯಾಯವನ್ನು ಓದುವಾಗ ಆ ನೆಲಮಾಳಿಗೆಗಳು ನನ್ನ ಮನಸ್ಸಿಗೆ ಬಾರದೆ ಇರುವದಿಲ್ಲ. ಅಜ್ಜೂರನ ಮಗನಾದ ಹನನ್ಯನೆಂಬ ಪ್ರವಾದಿಯು ಗಿಬ್ಯೋನಿನಿಂದಲೇ ಬಂದವನು. ಬಾಬೆಲಿಗೆ ಹೋದ ಸೆರೆಯವರೂ ದೇವಾಲಯದ ಪಾತ್ರೆಗಳೂ ಎರಡೇ ವರುಷದಲ್ಲಿ ಹಿಂದಕ್ಕೆ ಬರುವವೆಂದು ಅವನು ಜನರೆಲ್ಲರ ಮುಂದೆ ಸಾರಿ, ಯೆರೆಮೀಯನ ಕೊರಳಿನ ಮರದ ನೊಗವನ್ನು ಮುರಿದುಹಾಕಿದನು. ಜನರಿಗೆ ಅದು ಎಷ್ಟು ಇಂಪಾಗಿತ್ತೋ! ಯೆರೆಮೀಯನೂ ಅದನ್ನು ಕೇಳಿ, ಹಾಗೆಯೇ ಆಗಲಿ ಎಂದು ಹಾರೈಸಿದನು; ಸ್ವಜನರು ಬೊಗ್ಗಿಸಲ್ಪಡುವದು ಅವನಿಗೇನೂ ಸಂತೋಷವಾಗಿರಲಿಲ್ಲ. ಆದರೆ ಅದು ಸುಳ್ಳು. ಹನನ್ಯನು ಅದೇ ವರುಷದಲ್ಲಿ ಸತ್ತನು, ಯೆರೂಸಲೇಮು ಕ್ರಿ.ಪೂ. ೫೮೬ರ ಹೊತ್ತಿಗೆ ಸುಟ್ಟುಹೋಯಿತು. ಗಸಿಯ ಮೇಲಿರುವ ಸಭೆಗೆ, ಎಲ್ಲವೂ ಚೆನ್ನಾಗಿದೆ, ಎರಡು ವರುಷ ತಾಳಿರಿ, ಹಣ ಬರುವದು, ಹಳೇ ಕಾಲ ತಿರುಗಿ ಬರುವದು ಎಂದು ಹೇಳುವ ಬೋಧಕನಿಗೆ ಯಾವ ಊರಿನಲ್ಲಿಯೂ ಹಾಲುತುಪ್ಪದ ಊಟ ಸಿಕ್ಕುವದು. ಅಣ್ಣನೊಡನೆ ಮಾತಾಡಿ ಬಾ, ಆಮೇಲೆ ಮೇಜಿಗೆ ಬಾ ಎನ್ನುವವನಿಗೆ ನೀರು ಕೊಡುವವರೂ ಕಡಿಮೆ.

ಮೋವಾಬಿಗೆ ಕಡೆಗೆ ಆದದ್ದೇನು? ತಾನಾಗಿ ಅಲುಗದ ಗಡಿಗೆಯನ್ನು ಅಲುಗಿಸುವವರು ಬರುವರೆಂದೂ, ಅವರು ಜಾಣತನದಿಂದ ಬೊಗ್ಗಿಸದೆ ಚೆಲ್ಲಿ, ಜಾಡಿಗಳನ್ನು ಒಡೆದುಹಾಕುವರೆಂದೂ ೧೨ನೇ ವಚನವು ಹೇಳುತ್ತದೆ. ಹಾಗೆಯೇ ಆಯಿತು, ಆ ಜನಾಂಗದ ಹೆಸರು ಕಾಲಾಂತರದಲ್ಲಿ ಭೂಮಿಯ ಮೇಲೆ ಇಲ್ಲದೆ ಹೋಯಿತು. ಆದರೂ ಈ ಭಯಂಕರವಾದ ಅಧ್ಯಾಯದ ಕಡೇ ವಚನವನ್ನು ನೋಡಿರಿ. ಅಂತ್ಯಕಾಲದಲ್ಲಿ ಮೋವಾಬಿನ ದುರವಸ್ಥೆಯನ್ನು ತಪ್ಪಿಸುವೆನೆಂದು ದೇವರು ಅಲ್ಲಿ ಮಾತು ಕೊಡುತ್ತಾನೆ.

ಯೆರೆಮೀಯನಿಗೆ ಹಲವು ಶತಮಾನಗಳ ಮುಂಚೆ, ನ್ಯಾಯಸ್ಥಾಪಕರ ದಿನಗಳಲ್ಲಿಯೇ, ಮೋವಾಬಿನ ಆ ಗಡಿಗೆಯಿಂದ ಒಂದು ಹನಿ ಬೇರೆ ಪಾತ್ರೆಗೆ ಬಿದ್ದಿತ್ತು. ಬೇತ್ಲೆಹೇಮಿನ ಬರಗಾಲಕ್ಕೆ ಗುಳೇ ಬಂದ ಮನೆತನದ ಸೊಸೆ, ಗಂಡನನ್ನು ಕಳಕೊಂಡವಳು, ರೂತಳೆಂಬವಳು. ತುಂಬಿದವಳಾಗಿ ಹೋದೆನು, ಬರಿದಾಗಿ ಬಂದೆನು ಎಂದು ಅವಳ ಅತ್ತೆಯಾದ ನೊವೊಮಿಯು ಊರಬಾಗಲಲ್ಲಿ ಗೋಳಾಡುವಾಗ ಈ ಮೋವಾಬ್ಯಳು ಪಕ್ಕದಲ್ಲಿಯೇ ನಿಂತಿದ್ದಳು. ತನ್ನ ಜನವನ್ನೂ ತನ್ನ ಕೆಮೋಷನನ್ನೂ ಅವಳು ಹಿಂದೆ ಬಿಟ್ಟು ಬಂದಿದ್ದಳು. ಜವೆಗೋದಿಯ ಸುಗ್ಗಿಯಲ್ಲಿ ಕೊಯ್ಯುವವರ ಹಿಂದೆ ತೆನೆ ಆಯುತ್ತಿದ್ದಾಗ, ಹೊಲದ ಯಜಮಾನನಾದ ಬೋವಜನು ಊಟದ ಹೊತ್ತಿನಲ್ಲಿ ಅವಳನ್ನು ಕರೆದು, ಆಳುಗಳ ಸಂಗಡ ಕುಳ್ಳಿರಿಸಿ, ಅವರ ಹುಳಿರಸದಲ್ಲಿ ರೊಟ್ಟಿಯನ್ನು ಅದ್ದಿ ತಿನ್ನಲು ಹೇಳಿದನು. ಅವಳು ತಿಂದು ತೃಪ್ತಳಾಗಿ, ಉಳಿದದ್ದನ್ನು ಅತ್ತೆಗಾಗಿ ಕಟ್ಟಿಕೊಂಡು ಹೋದಳು. ಆಮೇಲೆ ಹುಟ್ಟಿದ ಮಗುವಿಗೆ ನೆರೆಯ ಹೆಂಗಸರು ಓಬೇದನೆಂದು ಹೆಸರಿಟ್ಟರು. ಓಬೇದನು ಇಷಯನ ತಂದೆ, ಇಷಯನು ದಾವೀದನ ತಂದೆ. ಮತ್ತಾಯನು ಬರೆದ ನಮ್ಮ ಕರ್ತನ ವಂಶಾವಳಿಯಲ್ಲಿ ಅವಳ ಹೆಸರು ಐದನೆಯ ವಚನದಲ್ಲಿ ಅದೆ.